ಭೂಗತ ಗಣಿಯ ಪೊಳ್ಳು ಮತ್ತು ಅದರ ಲೆಕ್ಕ

ಭೂಗತ ಗಣಿಯ ಪುಸ್ತಕಗಳಲ್ಲಿ ತೆಗೆದ ಅದಿರಿಗೆ ಖಾತೆಯಿರುತ್ತದೆ. ತೆಗೆದ ಮೇಲೆ ಉಳಿಯುವ ಪೊಳ್ಳಿಗೆ ಖಾತೆ ತೆರೆಯುವುದು ಬಹುಪಾಲು ಗಣಿ ಮುಚ್ಚುವ ಕಾಲಕ್ಕೆ! ಹಟ್ಟಿ ಚಿನ್ನದ ಗಣಿಯನ್ನು ತನ್ನೊಳಗಿಟ್ಟುಕೊಂಡ ರಾಯಚೂರು ಜಿಲ್ಲೆಯ ವರ್ತಕರು ಈ ವಿಷಯವನ್ನು ಅರಿತಿರುವುದು ಒಳಿತು.

ಒಂದು ಟನ್ ಅದಿರಿನಿಂದ ದೊರೆಯುವ ಚಿನ್ನ ಕೆಲವೇ ಗ್ರಾಂ. ಉಳಿದುದೆಲ್ಲವೂ ಸೈನೈಡ್ ಸಂಸ್ಕರಣೆಗೆ ಒಳಗಾದ ನುಣ್ಣನೆಯ ತ್ಯಾಜ್ಯ. ದೇವದುರ್ಗ ತಾಲ್ಲೂಕಿನ ಊಟಿ ಗಣಿಯ ಅದಿರೂ ಸಂಸ್ಕರಣೆಗಾಗಿ ಹಟ್ಟಿಗೇ ಬಂದುದರಿಂದ ಪೊಳ್ಳು ಒಂದೆಡೆ, ತ್ಯಾಜ್ಯ ಮತ್ತೊಂದೆಡೆ ಉಳಿಯುತ್ತದೆ. 2001ರಲ್ಲಿ ಮುಚ್ಚಿದ ಕೋಲಾರ ಚಿನ್ನದ ಗಣಿಯ ಸೈನೈಡ್ ದಿಬ್ಬಗಳಲ್ಲಿ 3 ಕೋಟಿ ಟನ್ನಿಗೂ ಅಧಿಕ ತ್ಯಾಜ್ಯ ನಿಂತಿದೆ. ಬೇಸಿಗೆಯ ಗಾಳಿಗೆ ಅದರ ಧೂಳು ಊರಿನ ಮೇಲೆ ಹರಡುತ್ತದೆ.

ಇದಕ್ಕೆ ತಕ್ಕ ವಿಧಾನವೆಂದರೆ ಮರುಭರ್ತಿ. ಸೈನೈಡನ್ನು ನಿರ್ವಿಷಗೊಳಿಸಿದ ತ್ಯಾಜ್ಯಕ್ಕೆ ಸಿಮೆಂಟ್ ಬೆರೆಸಿ, ಗಟ್ಟಿ ಹಿಟ್ಟಿನ ಹದದಲ್ಲಿ ಕೊಳವೆಯ ಮೂಲಕ ಪೊಳ್ಳಿಗೆ ಇಳಿಸಲಾಗುತ್ತದೆ. ಪಕ್ಕದ ಬಂಡೆಗೆ ಆಸರೆ ದೊರೆತು ಕುಸಿತದ ಭಯ ತಗ್ಗುತ್ತದೆ. ಖಾಲಿ ಜಾಗದಲ್ಲಿ ಸೋರಿಹೋಗುತ್ತಿದ್ದ ಗಾಳಿ ಕಾರ್ಮಿಕರಿರುವ ಕಡೆಗೆ ಹರಿಯುತ್ತದೆ. ಆಸರೆಗಾಗಿ ಬಿಟ್ಟಿದ್ದ ಅದಿರಿನ ಕಂಬಗಳನ್ನೂ ಮುಂದೆ ತೆಗೆಯಬಹುದು. ಈ ಆದಾಯವನ್ನು ಯೋಜನಾ ವರದಿಗಳು ಹಲವು ಬಾರಿ ಮರೆಯುತ್ತವೆ. ಆದರೆ ಅರೆದ ಶಿಲೆ ಉಬ್ಬುವುದರಿಂದ ತ್ಯಾಜ್ಯದ ಸುಮಾರು ಅರ್ಧ ಭಾಗವಷ್ಟೇ ಕೆಳಗೆ ಹಿಡಿಯುತ್ತದೆ.

ಮಿಶ್ರಣದಲ್ಲಿ ಸಿಮೆಂಟಿನ ಪಾಲು ಸಾಮಾನ್ಯವಾಗಿ ಶೇಕಡಾ 3ರಿಂದ 5. ವೆಚ್ಚದಲ್ಲಿ ಮಾತ್ರ ಅದರದೇ ದೊಡ್ಡ ಪಾಲು. ಇಲ್ಲಿಯೇ ನಮ್ಮ ಜಿಲ್ಲೆಗೆ ಒಂದು ಅನುಕೂಲವಿದೆ. ಶಕ್ತಿನಗರದ 1,720 ಮೆಗಾವ್ಯಾಟ್ ಶಾಖೋತ್ಪನ್ನ ಕೇಂದ್ರದ ಹಾರುಬೂದಿಯನ್ನು ಸಿಮೆಂಟಿನ ಒಂದಂಶಕ್ಕೆ ಬದಲಾಗಿ ಬಳಸಬಹುದು. ಹೀಗೆ ಮಾಡಿದಾಗ ಮಿಶ್ರಣ ಗಟ್ಟಿಯಾಗಲು ಹೆಚ್ಚು ದಿನ ಬೇಕಾಗುತ್ತದೆ. ಆದಕಾರಣ ಬೂದಿಯ ಪ್ರತಿ ಸರಕನ್ನೂ ಪರೀಕ್ಷಿಸದೆ ಇಳಿಸುವುದು ಅಪಾಯಕರ. ಹಟ್ಟಿಯವರೆಗಿನ ಸಾಗಣೆ ದರ ಉಳಿತಾಯವನ್ನೇ ನುಂಗದಂತೆಯೂ ನೋಡಿಕೊಳ್ಳಬೇಕು.

ಇನ್ನು ಲೆಕ್ಕದ ಮಾತು. ಇಂಡ್ ಎಎಸ್ 16ರ ಪ್ರಕಾರ ಸ್ಥಾವರಗಳನ್ನು ಕಿತ್ತು ನೆಲವನ್ನು ಸರಿಪಡಿಸುವ ಅಂದಾಜು ವೆಚ್ಚ ಆಸ್ತಿಯ ಮೌಲ್ಯಕ್ಕೆ ಸೇರುತ್ತದೆ. ಉತ್ಪಾದನೆಯೊಡನೆ ಹುಟ್ಟುವ ಹೊಣೆಯಾದರೋ ದಾಸ್ತಾನಿನ ವೆಚ್ಚಕ್ಕೆ ಸೇರತಕ್ಕದ್ದು. ಆದ್ದರಿಂದ ಮರುಭರ್ತಿಯ ಖರ್ಚನ್ನು ಆಯಾ ವರ್ಷದ ಅದಿರಿನ ಪ್ರತಿ ಟನ್ನಿನ ಮೇಲೆ ಹಾಕುವುದೇ ಯುಕ್ತ. ಹಾಗೆ ಮಾಡದಿದ್ದರೆ ಇಂದಿನ ಲಾಭ ಉಬ್ಬಿ, ಗಣಿ ಬರಿದಾದಾಗ ಹಣವೂ ಇರದು.

ಕಾನೂನಿನ ಭದ್ರತೆಯನ್ನೇ ನಂಬುವಂತಿಲ್ಲ. 2021ರ ತಿದ್ದುಪಡಿಯು ಎ ವರ್ಗದ ಗಣಿಗಳ ಆರ್ಥಿಕ ಭದ್ರತೆಯನ್ನು ಹೆಕ್ಟೇರಿಗೆ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿತು. ಅದು ಅಳೆಯುವುದು ಮೇಲಿನ ನೆಲವನ್ನು. ಭೂಗತ ಗಣಿಯ ಪೊಳ್ಳು ಬೆಳೆಯುವುದು ಆಳಕ್ಕೆ.