ವಿಜ್ಞಾನದ ಅಂಗಳದಲ್ಲಿ ಕಲಿಯುವವನ ಶಿಷ್ಟಾಚಾರ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಫೆಬ್ರವರಿ ಅಥವಾ ಮಾರ್ಚ್ ತಿಂಗಳ ಒಂದು ಶನಿವಾರ, ತನ್ನ ಪ್ರಯೋಗಾಲಯಗಳ ಬಾಗಿಲನ್ನು ಸಾರ್ವಜನಿಕರಿಗೆ ತೆರೆದಿಡುತ್ತದೆ. ಇದನ್ನು ‘ಓಪನ್ ಡೇ’ ಎನ್ನುತ್ತಾರೆ. ಪ್ರವೇಶ ಶುಲ್ಕವಿಲ್ಲ. ಸಂಶೋಧಕರೇ ನಿಂತು ತಮ್ಮ ಕೆಲಸವನ್ನು ಜನಸಾಮಾನ್ಯರಿಗೆ ವಿವರಿಸುತ್ತಾರೆ.

ತುಮಕೂರು, ಗುಬ್ಬಿ, ಕುಣಿಗಲ್ಲುಗಳ ಓದುಗರೇ, ಇದು ನಿಮಗೆ ದೂರದ ಸಂಗತಿಯಲ್ಲ. ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ. ಗುಬ್ಬಿಯೂ ಅದೇ ರೈಲು ಹಾದಿಯಲ್ಲಿದೆ. ಕುಣಿಗಲ್ಲಿನ ಮೂಲಕ ಹಾಸನಕ್ಕೆ 2017ರಿಂದ ರೈಲು ಓಡುತ್ತಿದೆ. ಯಶವಂತಪುರದಲ್ಲಿ ಇಳಿದರೆ ಸಂಸ್ಥೆಗೆ ಕೆಲವೇ ಕಿ.ಮೀ. ಉಳಿಯುತ್ತದೆ.

ಆದರೂ ನಮ್ಮಲ್ಲಿ ಅನೇಕರು, “ಅದು ದೊಡ್ಡ ಓದು ಓದಿದವರ ಜಾಗ, ನಮ್ಮ ಮಕ್ಕಳಿಗೆ ಅಲ್ಲೇನು ಕೆಲಸ?” ಎಂದು ಹಿಂಜರಿಯುತ್ತಾರೆ. ಈ ಸಂಕೋಚ ಸರಿಯೇ?

ಜಮ್‌ಷೇಟ್‌ಜಿ ಟಾಟಾರವರ ಸಂಕಲ್ಪದಿಂದ 1909ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಗೆ 371 ಎಕರೆ ಜಮೀನು ಕೊಟ್ಟದ್ದು ಮೈಸೂರು ಸಂಸ್ಥಾನ. ತುಮಕೂರು ಸೀಮೆಯೂ ಅದೇ ಸಂಸ್ಥಾನದ ಭಾಗವಾಗಿತ್ತು. ಇಂದು ಅದು ಕೇಂದ್ರ ಸರಕಾರದ ಅನುದಾನ ಪಡೆಯುತ್ತಿದೆ. ಅಂಗಡಿಯಲ್ಲಿ ಸೋಪು ಕೊಳ್ಳುವ ಕೂಲಿಕಾರನು ಕೊಡುವ ತೆರಿಗೆಯೂ ಆ ಬೊಕ್ಕಸಕ್ಕೆ ಸೇರುತ್ತದೆ. ಆದ್ದರಿಂದ ಅಲ್ಲಿ ನೀವು ಪರಕೀಯರಲ್ಲ. ಆದರೆ ಹಕ್ಕಿದ್ದಲ್ಲಿ ಹೊಣೆಯೂ ಇದೆ ಎಂಬುದನ್ನು ಮರೆಯಬಾರದು.

ಒಂದನೆಯದಾಗಿ, ಪ್ರಶ್ನೆಯೊಂದಿಗೆ ಹೋಗಿರಿ. ದ್ರವ ಸಾರಜನಕದ ಉಷ್ಣತೆ ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗಿರುತ್ತದೆ. ಅದರಲ್ಲಿ ಹೂವನ್ನು ಅದ್ದಿ ತೆಗೆದು ಹಿಚುಕಿದರೆ ಗಾಜಿನಂತೆ ಪುಡಿಯಾಗುತ್ತದೆ. ಮಗು ಚಪ್ಪಾಳೆ ತಟ್ಟಲಿ. ಆದರೆ “ಯಾಕೆ ಹೀಗಾಯಿತು?” ಎಂದೂ ಕೇಳಲಿ. ಹೂವಿನ ಎಸಳಿನೊಳಗಿನ ನೀರು ಹೆಪ್ಪುಗಟ್ಟಿತೆಂಬ ಉತ್ತರ ತಿಳಿದಾಗಲೇ ನೋಟವು ಜ್ಞಾನವಾಗುತ್ತದೆ. ಇಂಗ್ಲಿಷ್ ಬಾರದೆಂದು ನಾಚಬೇಡಿರಿ, ಕನ್ನಡದಲ್ಲಿಯೇ ಕೇಳಿರಿ.

ಎರಡನೆಯದಾಗಿ, ಪರೀಕ್ಷಿಸುವುದನ್ನು ಕಲಿಯಿರಿ. ಸುಮಾರು 965ರಲ್ಲಿ ಬಸ್ರಾದಲ್ಲಿ ಜನಿಸಿದ ಇಬ್ನುಲ್ ಹೈಸಮ್‌ರ ಕಾಲದಲ್ಲಿ, ಕಣ್ಣಿನಿಂದ ಕಿರಣಗಳು ಹೊರಟು ವಸ್ತುವನ್ನು ಮುಟ್ಟುವುದರಿಂದ ನಮಗೆ ಕಾಣುತ್ತದೆಂಬ ಗ್ರೀಕ್ ವಿದ್ವಾಂಸರ ಮಾತಿಗೆ ಬಹಳ ಮನ್ನಣೆಯಿತ್ತು. ಅವರು ಅದನ್ನು ಕುರುಡಾಗಿ ಒಪ್ಪಲಿಲ್ಲ. ಪ್ರಯೋಗಗಳನ್ನು ನಡೆಸಿ, ಬೆಳಕೇ ಕಣ್ಣನ್ನು ಪ್ರವೇಶಿಸುತ್ತದೆಂದು ವಾದಿಸಿದರು. ಅದೇ ಬೆಳಕಿನ ಚದುರುವಿಕೆಯ ಕುರಿತು ಸಿ.ವಿ. ರಾಮನ್‌ರು 1928ರ ಫೆಬ್ರವರಿ 28ರಂದು ಮಾಡಿದ ಶೋಧಕ್ಕೆ 1930ರಲ್ಲಿ ನೊಬೆಲ್ ಪ್ರಶಸ್ತಿ ಬಂತು. 1933ರಲ್ಲಿ ಅವರು ಇದೇ ಸಂಸ್ಥೆಯ ನಿರ್ದೇಶಕರಾದರು. ಹಿರಿಯರನ್ನು ಗೌರವಿಸುವುದೂ ಅವರ ಮಾತನ್ನು ಒರೆಗೆ ಹಚ್ಚುವುದೂ ಪರಸ್ಪರ ವಿರುದ್ಧವಲ್ಲ.

ಮೂರನೆಯದಾಗಿ, ಮಗನನ್ನು ಕರೆದೊಯ್ದು ಮಗಳನ್ನು ಮನೆಯಲ್ಲಿ ಬಿಡಬೇಡಿರಿ. ಪ್ರಶ್ನೆ ಹುಟ್ಟುವ ಮನಸ್ಸಿಗೆ ಗಂಡು ಹೆಣ್ಣೆಂಬ ಭೇದವಿಲ್ಲ.

ನಾಲ್ಕನೆಯದಾಗಿ, ಸರತಿಯಲ್ಲಿ ನಿಲ್ಲಿರಿ, ಅನುಮತಿಯಿಲ್ಲದೆ ಉಪಕರಣಗಳನ್ನು ಮುಟ್ಟಬೇಡಿರಿ. ವಿವರಿಸಿದ ವಿದ್ಯಾರ್ಥಿಗೆ ಕೃತಜ್ಞತೆ ಹೇಳಿರಿ. ಬೆಳಗ್ಗಿನಿಂದ ಅದೇ ಮಾತನ್ನು ನೂರಾರು ಜನರಿಗೆ ಹೇಳಿ ಅವನ ಗಂಟಲು ಒಣಗಿರುತ್ತದೆ.

ಕೊನೆಯದಾಗಿ, ಉಚಿತವಾಗಿ ಪಡೆದುದನ್ನು ಉಚಿತವಾಗಿಯೇ ಹಂಚಿರಿ. ರೈಲಿನ ಟಿಕೆಟಿಗೂ ಹಣವಿಲ್ಲದೆ ಊರಲ್ಲಿ ಉಳಿದ ನೆರೆಮನೆಯ ಮಗುವನ್ನು ಕರೆದು, ಕಂಡದ್ದನ್ನು ಹೇಳಿರಿ. ಸಾಧ್ಯವಾದರೆ ಮುಂದಿನ ವರ್ಷ ಅದನ್ನೂ ಜೊತೆಗೆ ಕರೆದೊಯ್ಯಿರಿ. ಹಣ ಹಂಚಿದರೆ ಕಡಿಮೆಯಾದೀತು, ಅರಿವು ಹಂಚಿದಷ್ಟೂ ಬೆಳೆಯುತ್ತದೆ.