ಆ ಇನ್ನೊಂದು ಪಾಠ, ಪುಟ್ಟಿ

ಪುಟ್ಟಿ, ನಿನ್ನೆ ಊಟಕ್ಕೆ ಕೂತಾಗ ನೀನಂದ ಮಾತು ನನ್ನ ಮನಸ್ಸಿನಲ್ಲೇ ಕೂತುಬಿಟ್ಟಿದೆ. "ಓಪನ್ ಎಲೆಕ್ಟಿವ್‌ಗೆ ಸುಲಭವಾಗಿ ಮಾರ್ಕ್ಸ್ ಬರೋದನ್ನ ತಗೊಂಡ್ರಾಯ್ತು ತಾತ, ಮೆಕ್ಯಾನಿಕಲ್‌ನವರಿಗೆ ಅದರಿಂದ ಏನಾಗ್ಬೇಕು?" ಅಂದೆ. ನಿನ್ನ ಶಾಖೆಯಾಚೆಯ ಪಾಠದಿಂದ ಏನಾಗಬೇಕು ಅಂತ ಹೇಳ್ತೀನಿ, ಕೇಳು.

ನಾನು ಮಾಕಳಿಯಿಂದ ಪೀಣ್ಯಕ್ಕೆ ಸೈಕಲ್ ತುಳಿದು ಹೋಗಿ ಲೇತ್ ಮುಂದೆ ನಿಂತವನು. ನಮ್ಮ ಶೆಡ್ಡಿನಲ್ಲಿ ನನಗಿಂತ ಪಳಗಿದ ಕೈಯ ಟರ್ನರ್ ಒಬ್ಬರಿದ್ದರು. ಟೇಪರ್ ಹೊಡೆಯೋಕೆ ಕಾಂಪೌಂಡ್ ಸ್ಲೈಡ್ ತಿರುಗಿಸಿ, ಎರಡು ಸಲ ಗೇಜ್ ಹಾಕಿ ನೋಡಿದರೆ ಅವರಿಗೆ ಸಾಕಾಗುತ್ತಿತ್ತು. ಸಿಎನ್‌ಸಿ ಬಂತು. ಅದಕ್ಕೆ ಕೈಯ ಹದ ಬೇಕಿಲ್ಲ, ಎಲ್ಲಿಂದ ಎಲ್ಲಿಗೆ ಅಂತ ಎಕ್ಸ್, ಝಡ್ ಲೆಕ್ಕ ಬರೆದು ಕೊಡಬೇಕು. ಐಟಿಐನಲ್ಲಿ ಬೇಸರಪಟ್ಟುಕೊಂಡೇ ಕಲಿತಿದ್ದ ಸೈನ್, ಟ್ಯಾನ್ ಅವತ್ತು ನನ್ನ ಅನ್ನ ಉಳಿಸಿತು. ಆ ಲೆಕ್ಕ ಬಾರದ ಆ ಟರ್ನರ್ ಕೆಲಸ ಬಿಟ್ಟು ಊರಿಗೆ ಹೋದರು. ಅದನ್ನ ನೆನೆದರೆ ಇವತ್ತಿಗೂ ಸಂಕಟವಾಗುತ್ತೆ.

ಓದಿದ ದೊಡ್ಡವರಿಗೂ ಇನ್ನೊಂದು ಪಾಠ ಬೇಕಾಗಿತ್ತು. ಮಾದಾವರದಲ್ಲಿ ಮೆಟ್ರೋ ಹತ್ತಿ ನೀನು ದಿನಾ ಯಶವಂತಪುರ ದಾಟುತ್ತೀಯಲ್ಲ, ಅಲ್ಲೇ ಹತ್ತಿರ ಇದೆ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ. ಅಮೂಲ್ಯ ರೆಡ್ಡಿ ಅಂತ ಅಲ್ಲಿದ್ದರು, ವಿದ್ಯುತ್ ರಸಾಯನ ಶಾಸ್ತ್ರದಲ್ಲಿ ದೊಡ್ಡ ಹೆಸರು. 1974ರಲ್ಲಿ ಅವರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಅನ್ನೋ ತಂಡ ಕಟ್ಟಿದರು. ಕುಣಿಗಲ್ ತಾಲ್ಲೂಕಿನ ಉಂಗ್ರದ ಕಡೆಯ ಹಳ್ಳಿಗಳಿಗೆ ಹೋಗಿ, ಒಂದು ಮನೆಗೆ ಎಷ್ಟು ಸೌದೆ ಬೇಕು, ಅದನ್ನ ಹೊತ್ತು ತರೋರು ಯಾರು, ಎಷ್ಟು ದೂರ ನಡೀತಾರೆ ಅಂತ ಲೆಕ್ಕ ಹಾಕಿಸಿದರು. ಆ ತಂಡದಿಂದ ಬಂದದ್ದೇ ಅಸ್ತ್ರ ಒಲೆ: ಮೂರು ಪಾತ್ರೆ ಕೂರುತ್ತೆ, ಸೌದೆ ಉಳಿಯುತ್ತೆ, ಹೊಗೆ ಕೊಳವೆ ಹಿಡಿದು ಮನೆಯಾಚೆ ಹೋಗುತ್ತೆ. ಉರಿಯ ಲೆಕ್ಕ ಬಲ್ಲವರು ಅಡುಗೆಮನೆಯಲ್ಲಿ ಹೆಣ್ಣುಮಕ್ಕಳ ಪಕ್ಕ ಕೂತು ನೋಡದೆ ಆ ಒಲೆ ಹುಟ್ಟುತ್ತಿರಲಿಲ್ಲ. ಆಗ ಆ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದವರು ಸತೀಶ್ ಧವನ್. ವಿಮಾನ ಶಾಸ್ತ್ರಕ್ಕೆ ಹೋಗುವ ಮೊದಲು ಅವರು ಗಣಿತ, ಭೌತಶಾಸ್ತ್ರ ಓದಿದ್ದರು, ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿದ್ದರು, ಮೆಕ್ಯಾನಿಕಲ್ ಎಂಜಿನಿಯರಿಂಗನ್ನೂ ಓದಿದ್ದರು.

ಆದರೆ ಒಂದು ಮಾತು. ರೆಡ್ಡಿಯವರು ಒಲೆಯ ಕಡೆ ತಿರುಗುವ ಹೊತ್ತಿಗೆ ತಮ್ಮ ಶಾಸ್ತ್ರದಲ್ಲಿ ಬೇರು ಬಿಟ್ಟಾಗಿತ್ತು. ಹಾಗಾಗಿ ನಿನ್ನ ಥರ್ಮೋಡೈನಮಿಕ್ಸ್ ಬಿಟ್ಟು ಎಲ್ಲದರ ರುಚಿ ನೋಡು ಅಂತ ನಾನು ಹೇಳುತ್ತಿಲ್ಲ. ಕಾಲೇಜಿನ ನಿಯಮಗಳನ್ನ ನಂಬಿಯೂ ಕೂರಬೇಡ. ನಮ್ಮ ರಾಜ್ಯದಲ್ಲೇ 2021ರಲ್ಲಿ ಬಿ.ಎ., ಬಿ.ಎಸ್ಸಿ.ಯವರಿಗೆ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ತಂದರು. ಏನು ಕಲಿಯಬೇಕು ಅನ್ನೋದನ್ನ ನೀನೇ ಹುಡುಕಿಕೊಳ್ಳಬೇಕು.

ನಿನ್ನ ಪಟ್ಟಿಯಲ್ಲಿ ತ್ಯಾಜ್ಯ ನೀರಿನ ಶುದ್ಧೀಕರಣದ್ದೊಂದು ಪಾಠ ಇತ್ತು, ಕಷ್ಟ ಅಂತ ಪಕ್ಕಕ್ಕಿಟ್ಟೆ. ನಾಳೆ ನೀನು ಡ್ರಾಯಿಂಗ್ ಮೂಲೆಯಲ್ಲಿ 'ಕ್ರೋಮ್ ಪ್ಲೇಟಿಂಗ್' ಅಂತ ಒಂದು ಸಾಲು ಬರೀತೀಯ. ಆ ಪಾರ್ಟು ಪೀಣ್ಯದ ಯಾವುದೋ ಪ್ಲೇಟಿಂಗ್ ಶೆಡ್ಡಿಗೆ ಹೋಗುತ್ತೆ, ತೊಟ್ಟಿಯಲ್ಲಿ ಮುಳುಗೇಳುತ್ತೆ. ಅದನ್ನ ತೊಳೆದ ನೀರಲ್ಲಿ ಕ್ರೋಮಿಯಂ ಇರುತ್ತೆ. ಪೀಣ್ಯದ ನೆಲದಡಿಯ ನೀರಲ್ಲಿ ಆ ವಿಷ ಸಿಕ್ಕಿದೆ ಪುಟ್ಟಿ. ನಾನು ಅಷ್ಟು ವರ್ಷ ಪಾರ್ಟು ಕಡೆದು ಕಳಿಸಿದೆ, ತೊಳೆದ ನೀರು ಎಲ್ಲಿಗೆ ಹೋಯಿತು ಅಂತ ಒಂದು ದಿನವೂ ಕೇಳಲಿಲ್ಲ. ಕೇಳಬೇಕು ಅಂತ ನನಗೆ ಯಾರೂ ಕಲಿಸಿರಲಿಲ್ಲ. ನಿನಗೆ ಕಲಿಸೋರು ಇದ್ದಾರೆ.

ಸೋಮವಾರ ಹೆಸರು ಕೊಡೋಕೆ ಕೊನೆ ದಿನ ಅಂದೆಯಲ್ಲ. ಆ ಪಟ್ಟಿ ಇನ್ನೊಂದು ಸಲ ತೆಗಿ, ನಾನೂ ಪಕ್ಕದಲ್ಲಿ ಕೂರ್ತೀನಿ.