ಒಂದು ಅಗುಳು ಸಾಕೇ?

ಅನ್ನ ಬೆಂದಿತೋ ಇಲ್ಲವೋ ನಾವು ಹೇಗೆ ನೋಡುತ್ತೇವೆ? ಒಂದು ಅಗುಳು ತೆಗೆದು ಹಿಚುಕುತ್ತೇವೆ. ಇಡೀ ಪಾತ್ರೆಯ ಅನ್ನ ಹಿಚುಕುವುದಿಲ್ಲ. ಹಿಚುಕಿದರೆ ಉಣ್ಣೋದು ಏನನ್ನ?

ಔಷಧಿಯೂ ಹಾಗೆಯೇ. ಪರೀಕ್ಷೆ ಮಾಡಲು ಮಾತ್ರೆಯನ್ನು ಪುಡಿ ಮಾಡಬೇಕು. ಎಲ್ಲ ಮಾತ್ರೆ ಪುಡಿ ಮಾಡಿದರೆ ರೋಗಿಗೆ ಏನೂ ಉಳಿಯದು. ಅದಕ್ಕೇ ಸ್ವಲ್ಪ ಮಾತ್ರ ತೆಗೆದು ನೋಡುತ್ತಾರೆ. ಇದಕ್ಕೆ ಮಾದರಿ ಎನ್ನುತ್ತಾರೆ. ಸ್ಯಾಂಪಲ್ ಎಂದೂ ಹೇಳುತ್ತಾರೆ.

ಪಕ್ಕದ ಮನೆಯ ಅನ್ನ

ನಮ್ಮ ಪಾತ್ರೆಯ ಅಗುಳು ನೋಡಿ ಪಕ್ಕದ ಮನೆಯ ಅನ್ನ ಬೆಂದಿದೆ ಎನ್ನಲು ಆಗುತ್ತಾ? ಆಗಲ್ಲ. ಕಾರ್ಖಾನೆಯಲ್ಲಿ ಒಂದು ಸಲಕ್ಕೆ ತಯಾರಾದ ಔಷಧಿಗೆ ಒಂದು ಬ್ಯಾಚ್ ನಂಬರ್ ಇರುತ್ತದೆ. ಒಂದು ಬ್ಯಾಚ್ ಎಂದರೆ ಒಂದು ಪಾತ್ರೆ ಅನ್ನ ಇದ್ದ ಹಾಗೆ. ಒಂದು ಬ್ಯಾಚ್ ಚೆನ್ನಾಗಿದ್ದರೂ ಇನ್ನೊಂದು ಕೆಟ್ಟಿರಬಹುದು.

ಪೇಟೆಯ ದೊಡ್ಡ ಅಂಗಡಿಯ ಔಷಧಿ ಮಾತ್ರ ನೋಡಿದರೂ ಸಾಲದು. ಹಳ್ಳಿಯ ಅಂಗಡಿಯಲ್ಲಿ ಬೇರೆ ಬ್ಯಾಚ್ ಇರಬಹುದು. ಬಿಸಿಲು, ತೇವ ತಾಗಿಯೂ ಔಷಧಿ ಕೆಡುತ್ತದೆ. ಆದ್ದರಿಂದ ಎಲ್ಲ ಅಂಗಡಿಗಳ ಪಟ್ಟಿ ಮಾಡಿ, ಚೀಟಿ ಎತ್ತಿದ ಹಾಗೆ ಆರಿಸುತ್ತಾರೆ. ಆಗ ದೊಡ್ಡದು, ಚಿಕ್ಕದು ಎಲ್ಲಕ್ಕೂ ಸಮನಾದ ಅವಕಾಶ. ಕೆಲವು ಸಲ ಗಿರಾಕಿಯ ಹಾಗೆ ಹೋಗಿ ಕೊಳ್ಳುತ್ತಾರೆ. ಏಕೆ? ಪರೀಕ್ಷೆಗೆ ಎಂದು ತಿಳಿದರೆ ಅಂಗಡಿಯವರು ಒಳ್ಳೆಯದನ್ನೇ ಆರಿಸಿ ಕೊಡಬಹುದು.

ಬಡ ಮತ್ತು ಮಧ್ಯಮ ವರಮಾನದ ದೇಶಗಳ ಲೆಕ್ಕವನ್ನು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹೇಳಿತು. 48,000ಕ್ಕೂ ಹೆಚ್ಚು ಮಾದರಿಗಳ ಲೆಕ್ಕ ಅದು. ಸುಮಾರು ಹತ್ತರಲ್ಲಿ ಒಂದು ಕಳಪೆ ಇಲ್ಲವೇ ನಕಲಿ!

ಗ್ಯಾಂಬಿಯಾದ ಮಕ್ಕಳು

ಗ್ಯಾಂಬಿಯಾ ಆಫ್ರಿಕಾದ ಒಂದು ಪುಟ್ಟ ದೇಶ. 2022ರಲ್ಲಿ ಅಲ್ಲಿ ಸಿರಪ್ ಕುಡಿದ ಮಕ್ಕಳ ಮೂತ್ರ ನಿಂತಿತು. ಮೂತ್ರಪಿಂಡ ಕೆಟ್ಟಿತು. 60ಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ಆ ಸಿರಪ್ ತಯಾರಾದದ್ದು ನಮ್ಮ ಭಾರತದಲ್ಲಿ. ಔಷಧಿ ಪರೀಕ್ಷಿಸುವ ಪ್ರಯೋಗಾಲಯ ಆಗ ಆ ದೇಶದಲ್ಲಿ ಇರಲಿಲ್ಲ. ಮಾದರಿಗಳನ್ನು ಹೊರದೇಶಕ್ಕೆ ಕಳಿಸಬೇಕಾಯಿತು. ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಕ್ಟೋಬರ್ ತಿಂಗಳಲ್ಲಿ ಎಚ್ಚರಿಸಿತು. ಮಕ್ಕಳು ಕುಡಿಯುವ ಮೊದಲೇ ಮಾದರಿ ನೋಡಿದ್ದರೆ?

ನಮ್ಮ ಕೈಯಲ್ಲಿ ಏನಿದೆ?

ನಮ್ಮಲ್ಲಿ 1940ರಿಂದ ಔಷಧಿ ಕಾನೂನು ಇದೆ. ಡ್ರಗ್ ಇನ್‌ಸ್ಪೆಕ್ಟರ್ ಅಂಗಡಿಗೆ ಬಂದು ಮಾದರಿ ತೆಗೆದು, ಮೊಹರು ಹಾಕಿ, ಸರ್ಕಾರಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ನಾವು ಕೊಂಡ ಔಷಧಿಯ ಮೇಲೆ ಅನುಮಾನ ಬಂದರೆ, ಶುಲ್ಕ ಕಟ್ಟಿ ನಾವೂ ಪರೀಕ್ಷೆಗೆ ಕೊಡಬಹುದು. ಆ ಕಾನೂನಿನ 26ನೇ ಕಲಂ ಈ ಹಕ್ಕು ಕೊಟ್ಟಿದೆ.

ಅಕ್ಕ ತಂಗಿಯರೇ, ಈಗ ನಮಗೆ ಓದಲು ಬರುತ್ತದೆ. ಹೀಗೆ ಮಾಡೋಣ:

1. ಔಷಧಿ ಕೊಂಡಾಗ ಬಿಲ್ಲು ಕೇಳೋಣ.
2. ಬ್ಯಾಚ್ ನಂಬರ್ ಮತ್ತು ಅವಧಿ ಮುಗಿಯುವ ತಿಂಗಳು ಓದೋಣ.
3. ಔಷಧಿ ತೆಗೆದುಕೊಂಡ ಮೇಲೆ ತೊಂದರೆಯಾದರೆ ಬೇಗ ಡಾಕ್ಟರ ಬಳಿ ಹೋಗೋಣ. ಉಳಿದ ಔಷಧಿ, ಬಾಟಲಿ, ಬಿಲ್ಲು ಎಸೆಯದೆ ಜೊತೆಗೆ ಒಯ್ಯೋಣ. ಅದೇ ಮಾದರಿ. ಅದೇ ಸಾಕ್ಷಿ.
4. ತೊಂದರೆ ತಿಳಿಸಲು 1800-180-3024 ನಂಬರಿಗೆ ಫೋನ್ ಮಾಡೋಣ. ಇದಕ್ಕೆ ದುಡ್ಡಿಲ್ಲ.

ಓದಿ, ಮಾತಾಡಿ

1. ಎಲ್ಲ ಮಾತ್ರೆಗಳನ್ನೂ ಏಕೆ ಪರೀಕ್ಷಿಸುವುದಿಲ್ಲ?
2. ಒಂದೇ ಅಂಗಡಿಯ ಮಾದರಿ ಏಕೆ ಸಾಲದು?
3. ನಿಮ್ಮ ಮನೆಯಲ್ಲಿರುವ ಒಂದು ಔಷಧಿಯ ಬ್ಯಾಚ್ ನಂಬರ್ ಇಲ್ಲಿ ಬರೆಯಿರಿ: ______